ನೈಕ್ರೋಮ್ ಕಟರ್: ಸೆಲ್ ಸುಡುತ್ತೆ, ಸ್ವಿಚ್ ಕರಗಿದೆ, ತಂತಿ ಹತ್ತು ಸೆಕೆಂಡಿಗೆ ಮಂಕಾಗುತ್ತೆ

ಮೂಡಿಗೆರೆ_ಲ್ಯಾಬ್:
ಪಿಯು ಹುಡುಗರು ವಿಜ್ಞಾನ ಪ್ರದರ್ಶನಕ್ಕೆ ಬೇಲೂರು ಚೆನ್ನಕೇಶವ ದೇವಸ್ಥಾನದ ಜಗತಿಯ (ಗುಡಿ ನಿಂತಿರುವ ನಕ್ಷತ್ರಾಕಾರದ ಕಟ್ಟೆ) ಮಾದರಿ ಮಾಡ್ತಿದ್ದಾರೆ. 50 ಮಿ.ಮೀ ದಪ್ಪದ ಥರ್ಮಾಕೋಲ್, ನಕ್ಷತ್ರದ ಮೂಲೆಗಳು ಚೂಪಾಗಿ ಬರಬೇಕು. ಬ್ಲೇಡಿನಲ್ಲಿ ಕೊಯ್ದರೆ ಮಣಿ ಉದುರುತ್ತೆ ಅಂತ ಬಿಸಿ ತಂತಿಯ ಕಟರ್ ಕಟ್ಟಿದ್ದಾರೆ.

ತಂತಿ ಹಾಸನದ ಅಂಗಡಿಯಿಂದ ತಂದ 26 ಗೇಜ್ ನೈಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ), 12 ಸೆಂ.ಮೀ ಉದ್ದ, ಎರಡು ಎಳೆ ಹೊಸೆದದ್ದು. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ ಒಂದು 18650 (ಉರುಳೆಯಾಕಾರದ ಲಿಥಿಯಂ) ಸೆಲ್, ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಹೋಲ್ಡರ್, ಸಣ್ಣ ಸ್ಲೈಡ್ ಸ್ವಿಚ್. ಫ್ಯೂಸ್ ಇಲ್ಲ. ಮೀಟರನ್ನು 200 ಓಮ್ ರೇಂಜಿನಲ್ಲಿಟ್ಟರೆ ತಂತಿ 0.9 ತೋರಿಸುತ್ತೆ. 4.2 ಭಾಗಿಸು 0.9, ಅಂದರೆ 4.7 ಆಂಪ್, ಸೆಲ್ ತಡೆಯುತ್ತೆ ಅನ್ನೋದು ಅವರ ಲೆಕ್ಕ.

ಸ್ವಿಚ್ ಹಾಕಿದರೆ ತಂತಿ ಕೆಂಪಗಾಗಿ, ಹತ್ತು ಸೆಕೆಂಡಿಗೆ ಮಂಕಾಗುತ್ತೆ. ಸೆಲ್ ಸುಮ್ಮನಿದ್ದಾಗ 4.1 ವೋಲ್ಟ್, ಲೋಡ್ ಬಿದ್ದಾಗ 3.1. ಅರ್ಧ ನಿಮಿಷದಲ್ಲಿ ಸೆಲ್ ಮುಟ್ಟಲಾಗದಷ್ಟು ಬಿಸಿ. ಸ್ವಿಚ್ ಕರಗಿ ಆನ್‌ನಲ್ಲೇ ಅಂಟಿದೆ. ಸೆಲ್ಲಿನ ಹೊದಿಕೆ ಮೇಲ್ತುದಿಯಲ್ಲಿ ಸುಕ್ಕುಗಟ್ಟಿ ಸ್ವಲ್ಪ ಹರಿದಿದೆ. ಈಗ ಇನ್ನೊಂದು ಸೆಲ್ ಪ್ಯಾರಲಲ್ ಹಾಕಿ, ದೊಡ್ಡ ಸ್ವಿಚ್ ಕೂರಿಸಿ, ತಂತಿ ಇನ್ನೂ ಮೋಟು ಮಾಡಿ 0.15 ಓಮ್‌ಗೆ ಇಳಿಸ್ತೀವಿ ಅಂತಿದ್ದಾರೆ. ಯಾವುದೋ ಕಾಯಿಲ್ ಕಟ್ಟುವ ವಿಡಿಯೋ ನೋಡಿ ಬಂದ ಐಡಿಯಾ. ಪ್ಯಾರಲಲ್ ಮಾಡಿದರೆ ಮಂಕಾಗೋದು ನಿಲ್ಲುತ್ತಾ?

ಓಮ್‌ಕಾರ:
ಮೊದಲು ಆ ಸೆಲ್ ಹೊರಗೆ ತೆಗೀರಿ. ಹೊದಿಕೆ ಹರಿದಿರೋದು ಮೇಲ್ತುದಿಯಲ್ಲಿ ಅಂದಿದ್ದೀರಿ, ಅದೇ ಕೆಟ್ಟ ಜಾಗ. 18650ರ ಇಡೀ ಡಬ್ಬಿ ನೆಗೆಟಿವ್. ಮೇಲಿನ ಪಾಸಿಟಿವ್ ಗುಂಡಿಗೂ ಡಬ್ಬಿಯ ಅಂಚಿಗೂ ನಡುವೆ ಇರೋದು ಒಂದು ತೆಳು ಇನ್ಸುಲೇಶನ್ ಬಳೆ ಮತ್ತು ಆ ಹೊದಿಕೆ, ಅಷ್ಟೇ. ಹೋಲ್ಡರಿನ ತಗಡು ಒಂಚೂರು ಸರಿದರೆ ನೇರ ಶಾರ್ಟ್. ಎರಡೂ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಕಟ್ಟಡದಿಂದ ದೂರ, ಮಣ್ಣಿನ ಕುಂಡದಲ್ಲೋ ಮರಳಿನ ಬಕೆಟ್‌ನಲ್ಲೋ ಇಡಿ. ಮತ್ತೆ ಚಾರ್ಜ್ ಮಾಡಬೇಡಿ.

ಪ್ಯಾರಲಲ್ ಹಾಕಿದರೆ ಮಂಕಾಗೋದು ಕಡಿಮೆಯಾಗುತ್ತೆ, ನಿಜ. ಅದಕ್ಕೇ ಹಾಕಬಾರದು. ಈಗ ಆ ಮುದಿ ಸೆಲ್ಲಿನ ಸುಸ್ತೇ ನಿಮ್ಮನ್ನು ಕಾಯ್ತಿರೋದು.

ಲೆಕ್ಕ ನೋಡಿ. ನಮ್ಮ ಅಂಗಡಿಗಳಲ್ಲಿ ಗೇಜ್ (ತಂತಿಯ ದಪ್ಪದ ನಂಬರು) ಅಂದರೆ ಸಾಮಾನ್ಯವಾಗಿ ಬ್ರಿಟಿಷ್ ಅಳತೆಯ ಎಸ್‌ಡಬ್ಲ್ಯೂಜಿ, ವಿಡಿಯೋದವರು ಹೇಳೋದು ಅಮೆರಿಕದ ಎಡಬ್ಲ್ಯೂಜಿ. 26 ಎಡಬ್ಲ್ಯೂಜಿ 0.405 ಮಿ.ಮೀ, ನೈಕ್ರೋಮ್ 80ರಲ್ಲಿ ಮೀಟರಿಗೆ ಸುಮಾರು 8.5 ಓಮ್. 26 ಎಸ್‌ಡಬ್ಲ್ಯೂಜಿ 0.457 ಮಿ.ಮೀ, ಮೀಟರಿಗೆ ಸುಮಾರು 6.6. ಹೆಸರಿನ ನಂಬರು ಒಂದೇ, ರೆಸಿಸ್ಟೆನ್ಸ್ ಕಾಲು ಭಾಗದಷ್ಟು ಕಡಿಮೆ. ನಿಮ್ಮ 12 ಸೆಂ.ಮೀ ಒಂದೆಳೆ 0.79 ಓಮ್, ಎರಡೆಳೆ ಹೊಸೆದರೆ 0.40.

ಹಾಗಾದರೆ ಮೀಟರ್ 0.9 ಯಾಕೆ ತೋರಿಸಿತು? ಎರಡು ಪ್ರೋಬ್ ತುದಿ ಒಂದಕ್ಕೊಂದು ಮುಟ್ಟಿಸಿ ನೋಡಿ, 0.4-0.5 ಬರುತ್ತೆ. ಅದು ಪ್ರೋಬ್ ವೈರಿನದ್ದೇ ರೆಸಿಸ್ಟೆನ್ಸ್. ಹತ್ತು ಓಮ್ ಅಳೆಯುವಾಗ ಅದು ಲೆಕ್ಕಕ್ಕಿಲ್ಲ, ಅರ್ಧ ಓಮ್ ಅಳೆಯುವಾಗ ಅದೇ ಸುಮಾರು ಅರ್ಧ. ಲೆಕ್ಕದಲ್ಲಿ 4.7 ಆಂಪ್ ಅಂದುಕೊಂಡಿದ್ದು, ನಷ್ಟವಿಲ್ಲದ ಸೆಲ್ ಆಗಿದ್ದರೆ 10 ಆಂಪ್ ದಾಟುತ್ತಿತ್ತು.

ನಿಜವಾಗಿ ಹರಿದದ್ದು ಇಷ್ಟು: ತಂತಿಯ 0.40ಕ್ಕೆ ಸ್ವಿಚ್, ಸ್ಪ್ರಿಂಗ್ ಸೇರಿಸಿ 0.1 ಅಂತಿಟ್ಟರೆ ಹೊರಗಿನದು 0.5. ಲೋಡಿನಲ್ಲಿ 3.1 ವೋಲ್ಟ್, ಅಂದರೆ 6.2 ಆಂಪ್. ಸೆಲ್ ಒಳಗೆ 1 ವೋಲ್ಟ್ ಕಳೆದುಹೋಗಿದೆ, ಅಂದರೆ ಸೆಲ್ಲಿನ ಹೊಟ್ಟೆಯಲ್ಲೇ 6.2 ವ್ಯಾಟ್ ಶಾಖ. ಸ್ವಿಚ್, ಸ್ಪ್ರಿಂಗಿನಲ್ಲಿ ಸುಮಾರು 3.8 ವ್ಯಾಟ್. ಸ್ಲೈಡ್ ಸ್ವಿಚ್ ಇರೋದೇ ಅರ್ಧ ಆಂಪ್ ಆಸುಪಾಸಿಗೆ, ಕರಗದೆ ಇನ್ನೇನು. 2200 ಎಂಎಎಚ್ ಕೆಪಾಸಿಟಿಯ ಲ್ಯಾಪ್‌ಟಾಪ್ ಸೆಲ್ ಹೊಸದಿದ್ದಾಗಲೇ ನಿರಂತರ 4-5 ಆಂಪ್‌ಗಿಂತ ಹೆಚ್ಚು ಕೊಡಲು ಮಾಡಿದ್ದಲ್ಲ.

ಬೆಸುಗೆ_ಹಾಸನ:
ಮೇಲಿನದಕ್ಕೆ ಸೇರಿಸಿ. 0.15 ಓಮ್ ಅಂದರೆ 28 ಆಂಪ್. ಸ್ಯಾಮ್ಸಂಗ್ 25ಆರ್, ಎಲ್‌ಜಿ ಎಚ್‌ಜಿ2 ಇಂಥ ಹೈ-ಡ್ರೈನ್ (ಹೆಚ್ಚು ಕರೆಂಟ್ ಕೊಡಲೆಂದೇ ಮಾಡಿದ) ಸೆಲ್‌ಗಳ ನಿರಂತರ ಮಿತಿಯೇ 20 ಆಂಪ್. ಪ್ಯಾನಸೋನಿಕ್ ಎನ್‌ಸಿಆರ್18650ಬಿ 3400 ಎಂಎಎಚ್, ಕೆಪಾಸಿಟಿ ಜಾಸ್ತಿ, ಆದರೆ ಕರೆಂಟ್ ಮಿತಿ 7 ಆಂಪ್ ಒಳಗೆ. ಎಂಎಎಚ್ ದೊಡ್ಡದಿದ್ದರೆ ಕರೆಂಟೂ ಜಾಸ್ತಿ ಕೊಡುತ್ತೆ ಅನ್ನೋದು ಹೊಸಬರ ತಪ್ಪು ತಿಳಿವಳಿಕೆ, ಬಹುಪಾಲು ಉಲ್ಟಾ. ಇನ್ನು 9900 ಎಂಎಎಚ್ ಅಂತ ಬರೆದ ಸೆಲ್ ಬರುತ್ತಲ್ಲ, ತಕ್ಕಡಿಗೆ ಹಾಕಿ. ಒಳ್ಳೇ 18650 ಸುಮಾರು 45 ಗ್ರಾಂ ಇರುತ್ತೆ. 30 ಗ್ರಾಂ ತೂಗಿದರೆ ಒಳಗೆ ಸರಕೇ ಇಲ್ಲ.

ಹಳೇ ಸೆಲ್‌ಗಳನ್ನು ಪ್ಯಾರಲಲ್ ಮಾಡುವುದರಲ್ಲಿ ಇನ್ನೊಂದು ಅಪಾಯ ಇದೆ. ಒಂದು 4.1 ವೋಲ್ಟ್, ಇನ್ನೊಂದು 3.4 ಇದ್ದು ಜೋಡಿಸಿದ ಕ್ಷಣ ತುಂಬಿದ್ದು ಖಾಲಿಯದ್ದಕ್ಕೆ ನುಗ್ಗುತ್ತೆ. ಎರಡೂ ಹೊಸ ಹೈ-ಡ್ರೈನ್ ಸೆಲ್ ಆಗಿ ತಲಾ 0.03 ಓಮ್ ಒಳರೆಸಿಸ್ಟೆನ್ಸ್ ಇದ್ದರೆ 0.7 ವೋಲ್ಟ್ ವ್ಯತ್ಯಾಸಕ್ಕೇ ಸುಮಾರು 12 ಆಂಪ್. ನಡುವೆ ಸ್ವಿಚ್ಚೂ ಇಲ್ಲ, ಫ್ಯೂಸೂ ಇಲ್ಲ.

ರೆಕ್ಕೆಪುಕ್ಕ:
ಆ ವಿಡಿಯೋ ವೇಪ್ (ಇ-ಸಿಗರೇಟ್) ಕಾಯಿಲ್‌ನದೇ ಇರಬೇಕು, 0.15 ಅನ್ನೋ ಸಂಖ್ಯೆ ಅಲ್ಲಿಂದಲೇ ಬರೋದು. ಅಲ್ಲಿ ಕಾಯಿಲ್ ಒಳಗೆ ದ್ರವದಲ್ಲಿ ನೆನೆದ ಹತ್ತಿ ಇರುತ್ತೆ, ಶಾಖವನ್ನು ದ್ರವ ಹೀರಿಕೊಳ್ಳುತ್ತೆ, ಗುಂಡಿ ಒತ್ತೋದು ಕೆಲವೇ ಸೆಕೆಂಡು. ಹಾಗಿದ್ದೂ ಸರ್ಕ್ಯೂಟ್ ಇಲ್ಲದ ಮೆಕ್ಯಾನಿಕಲ್ ವೇಪ್ ಕೊಳವೆಗಳಲ್ಲಿ ಸೆಲ್ ಸ್ಫೋಟವಾಗಿ ಜನ ಗಾಯಗೊಂಡಿದ್ದಾರೆ, ಸತ್ತವರೂ ಇದ್ದಾರೆ. ಲೋಹದ ಕೊಳವೆಯಲ್ಲಿ ಕೂತ ಸೆಲ್ ಅನಿಲ ಬಿಟ್ಟರೆ ಒತ್ತಡ ಹೋಗಲು ದಾರಿ ಸಾಲಲ್ಲ. ಹುಡುಗರು ‘ಪಿವಿಸಿ ಪೈಪಿನಲ್ಲಿ ಸೆಲ್ ಹಾಕಿ ಎರಡೂ ಕಡೆ ಕ್ಯಾಪ್ ಬಿಗಿದು ಹಿಡಿ ಮಾಡ್ತೀವಿ’ ಅಂದರೆ ಅದೂ ಇದೇ ಜಾತಿ. ಅಂದಹಾಗೆ ಇ-ಸಿಗರೇಟಿನ ತಯಾರಿಕೆ, ಮಾರಾಟ, ಸಂಗ್ರಹ, ಜಾಹೀರಾತು ನಮ್ಮಲ್ಲಿ 2019ರ ಕಾಯ್ದೆಯಲ್ಲಿ ನಿಷಿದ್ಧ. ತಯಾರಿಕೆ, ಮಾರಾಟ, ಜಾಹೀರಾತಿಗೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಲ್ಯಾಬಿನಲ್ಲಿ ‘ಇದೂ ಅದೇ ಕಾಯಿಲ್ ಸಾರ್’ ಅಂತ ತೋರಿಸೋಕೆ ಹೊರಟರೆ ಅಲ್ಲೇ ನಿಲ್ಲಿಸಿ.

ಮುಖ್ಯ ವಿಷಯ, ಥರ್ಮಾಕೋಲಿಗೆ ಕೆಂಪು ತಂತಿ ಬೇಕಾಗೇ ಇಲ್ಲ. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತೆ, ತಂತಿ 200ರಿಂದ 300 ಇದ್ದರೆ ಸಲೀಸಾಗಿ ಕೊಯ್ಯುತ್ತೆ. ತಂತಿ ಮಬ್ಬು ಕೆಂಪಾಗಿ ಕಾಣಲು ಶುರುವಾಗೋದೇ 500 ದಾಟಿದ ಮೇಲೆ. ಅಷ್ಟು ಕಾದರೆ ಅದು ಕೊಯ್ಯಲ್ಲ, ತನ್ನ ಸುತ್ತ ಕರಗಿಸಿ ಗುಂಡಿ ಮಾಡುತ್ತೆ. ಜಗತಿಯ ಒಳಮೂಲೆ ಚೂಪಾಗಿ ಬರದೇ ಇರೋದಕ್ಕೆ ಕಾರಣವೂ ಇದೇ. ಹೊಸೆದ ದಪ್ಪ ತಂತಿ, ಅತಿ ಶಾಖ, ಮೂಲೆಯಲ್ಲಿ ತಿರುಗಿಸುವಾಗ ಒಂದು ಕ್ಷಣ ನಿಂತರೂ ಅಲ್ಲಿ ಕುಳಿ. ಜೊತೆಗೆ ಕಪ್ಪು ಹೊಗೆ. ಸ್ಟೈರೀನ್ ಆವಿ ಕುಡಿಯುವಂಥದ್ದಲ್ಲ. ಹೊಸ ಥರ್ಮಾಕೋಲಿನ ಮಣಿಗಳಲ್ಲಿ ಉಳಿದ ಪೆಂಟೇನ್ ಹತ್ತಿಕೊಳ್ಳುವ ಅನಿಲ. ಮಳೆ ಅಂತ ಕಿಟಕಿ ಮುಚ್ಚಿಕೊಂಡು ಒಳಗೆ ಕೊಯ್ಯೋದು ಬೇಡ, ಜಗಲಿಗೆ ಬನ್ನಿ.

ಬೇಕಾದ್ದು ತೆಳುವಾದ, ಉದ್ದನೆಯ, ಒಂದೆಳೆ ತಂತಿ. ಸೆಂಟಿಮೀಟರಿಗೆ ಕಾಲು ವ್ಯಾಟ್ ಸುಮಾರಿಗೆ ಶುರು ಮಾಡಿ, ಅರ್ಧ ವ್ಯಾಟ್ ದಾಟಬೇಡಿ. 28 ಎಸ್‌ಡಬ್ಲ್ಯೂಜಿ (0.376 ಮಿ.ಮೀ) ಮೀಟರಿಗೆ ಸುಮಾರು 9.8 ಓಮ್. 30 ಸೆಂ.ಮೀ ಬಿಲ್ಲಿಗೆ 2.9 ಓಮ್. 5 ವೋಲ್ಟ್ ಕೊಟ್ಟರೆ 1.7 ಆಂಪ್, 8.5 ವ್ಯಾಟ್, ಸೆಂಟಿಮೀಟರಿಗೆ 0.28. ಇದಕ್ಕೆ ಬಿಡಿ ಲಿಥಿಯಂ ಸೆಲ್ ಯಾಕೆ ಬೇಕು? 5 ವೋಲ್ಟ್ 3 ಆಂಪ್‌ನ ಒಳ್ಳೇ ಅಡಾಪ್ಟರ್ ಸಾಕು, ಶಾರ್ಟ್ ಆದರೆ ತಾನೇ ಬಂದ್ ಆಗುತ್ತೆ.

ಮೂಡಿಗೆರೆ_ಲ್ಯಾಬ್:
ಅಡಾಪ್ಟರ್ ಬೇಡ ಅಂದದ್ದು ಇಲ್ಲಿನ ಕರೆಂಟಿನ ಕಾರಣಕ್ಕೆ. ಆಷಾಢದ ಗಾಳಿಗೆ ಒಂದು ಮರ ಲೈನ್ ಮೇಲೆ ಬಿದ್ದರೆ ಮರುದಿನದವರೆಗೂ ಇಲ್ಲ. ತೋಟದ ಬ್ಯಾಟರಿ ಸ್ಪ್ರೇಯರಿನ 12 ವೋಲ್ಟ್ 8 ಎಎಚ್ ಬ್ಯಾಟರಿ ಇದೆ, ಅದಕ್ಕೆ ನೇರ ಹಾಕಬಹುದಾ? ಬಿಲ್ಲಿಗೆ ಹ್ಯಾಕ್ಸಾ ಫ್ರೇಮ್ ಸರಿಹೊಂದುತ್ತೆ, 12 ಇಂಚು.

ಓಮ್‌ಕಾರ:
ನೇರ ಬೇಡ. 12 ವೋಲ್ಟ್‌ಗೆ 2.9 ಓಮ್ ಅಂದರೆ 4 ಆಂಪ್, 50 ವ್ಯಾಟ್ ಹತ್ತಿರ, ಮತ್ತೆ ಕೆಂಪು ತಂತಿ. ನಡುವೆ ಎಕ್ಸ್‌ಎಲ್4015 ಬಕ್ ಮಾಡ್ಯೂಲ್ (ವೋಲ್ಟೇಜ್ ಇಳಿಸುವ ಬೋರ್ಡ್) ಹಾಕಿ. ತಂತಿ ಜೋಡಿಸುವ ಮೊದಲೇ ಔಟ್‌ಪುಟ್ 5 ವೋಲ್ಟ್‌ಗೆ ತಿರುಗಿಸಿ, ಕರೆಂಟ್ ಮಿತಿಯ ಸ್ಕ್ರೂ ಇರುವ ಮಾಡೆಲ್ ಆದರೆ 2 ಆಂಪ್‌ಗೆ ಕಟ್ಟಿಹಾಕಿ. ಬ್ಯಾಟರಿಯ ಪಾಸಿಟಿವ್‌ನಿಂದ ಗೇಣುದ್ದದೊಳಗೇ 3 ಆಂಪ್ ಗಾಜಿನ ಫ್ಯೂಸ್. ಲೆಡ್ ಆಸಿಡ್ ಸಾಧು ಅಂತ ಯಾರೂ ತಿಳಿಯಬಾರದು, ಶಾರ್ಟ್ ಮಾಡಿದರೆ ಆ ಪುಟ್ಟ ಬ್ಯಾಟರಿಯೇ ವೈರ್ ಸುಡುವಷ್ಟು ಕರೆಂಟ್ ಕೊಡುತ್ತೆ.

ಅದಕ್ಕಿಂತ ಸುಲಭ ಒಂದು ಪವರ್ ಬ್ಯಾಂಕ್, 2.4 ಆಂಪ್ ಪೋರ್ಟ್ ಇರುವಂಥದ್ದು. ದಪ್ಪನೆಯ ಯುಎಸ್‌ಬಿ ಕೇಬಲ್ ಕತ್ತರಿಸಿ ಕೆಂಪು, ಕಪ್ಪು ಮಾತ್ರ ಬಳಸಿ, ಹಸಿರು-ಬಿಳಿ ಬೇರೆ ಬೇರೆ ಟೇಪ್ ಮಾಡಿ. ಓವರ್‌ಲೋಡ್ ಕಾಯುವ ಸರ್ಕ್ಯೂಟ್ ಅದರೊಳಗೇ ಇದೆ. ತೆಳು ಕೇಬಲ್ ಆದರೆ ಕೇಬಲ್ಲೇ ಬಿಸಿಯಾಗಿ ತಂತಿಗೆ 4.3 ವೋಲ್ಟ್ ಕೂಡ ಮುಟ್ಟಲ್ಲ.

ಹ್ಯಾಕ್ಸಾ ಫ್ರೇಮ್ ಖಂಡಿತ ಬೇಡ, ಪೂರ್ತಿ ಕಬ್ಬಿಣ. ತಂತಿಯ ಎರಡೂ ತುದಿ ಫ್ರೇಮಿಗೆ ಬಿಗಿದರೆ ಕರೆಂಟ್ ನೈಕ್ರೋಮಿನಲ್ಲಿ ಹೋಗದೆ ಫ್ರೇಮಿನಲ್ಲೇ ಹೋಗುತ್ತೆ. ಬಿದಿರಿನ ಸೀಳು ಬಾಗಿಸಿ ಬಿಲ್ಲು ಮಾಡಿ, ನಿಮ್ಮ ಕಡೆ ಅದಕ್ಕೇನು ಬರ.

ಬೆಸುಗೆ_ಹಾಸನ:
ನೈಕ್ರೋಮಿಗೆ ಸಾಮಾನ್ಯ ಸೋಲ್ಡರ್ ಹಿಡಿಯಲ್ಲ, ಮಣಿಯಾಗಿ ಜಾರುತ್ತೆ. ತಾಮ್ರದ ವೈರಿಗೆ ಸುಮ್ಮನೆ ಹೊಸೆದರೆ ಆ ಜೋಡಣೆಯೇ ಕಾದು ಕಪ್ಪಾಗುತ್ತೆ. ಎಂ3 ಸ್ಕ್ರೂ, ಎರಡು ವಾಷರ್, ನಡುವೆ ನೈಕ್ರೋಮ್ ಮತ್ತು ಲಗ್ ಹಾಕಿದ 0.75 ಚದರ ಮಿ.ಮೀ ವೈರ್, ಗಟ್ಟಿಯಾಗಿ ನಟ್. ಸ್ವಿಚ್ ಒತ್ತಿ ಹಿಡಿದಾಗ ಮಾತ್ರ ಆನ್ ಆಗುವ ಬಗೆಯದು ಇರಲಿ, 3 ಆಂಪ್ ಅಥವಾ ಮೇಲೆ. ಆಗ ಕೈಬಿಟ್ಟರೆ ತಂತಿ ಆರುತ್ತೆ, ಮೇಜಿನ ಮೇಲೆ ಬಿಸಿ ಬಿಲ್ಲು ಮರೆತು ಹೋಗುವ ಪ್ರಶ್ನೆಯಿಲ್ಲ.

ಕಡಿಮೆ ಓಮ್ ಸರಿಯಾಗಿ ಅಳೆಯೋದನ್ನು ಹುಡುಗರಿಗೆ ಕಲಿಸೋದಾದರೆ, 5 ವೋಲ್ಟ್ ಅಡಾಪ್ಟರ್, 10 ಓಮ್ 5 ವ್ಯಾಟ್ ಸಿಮೆಂಟ್ ರೆಸಿಸ್ಟರ್, ನಿಮ್ಮ ತಂತಿ, ಮೂರೂ ಸೀರೀಸ್‌ನಲ್ಲಿ. ಮೀಟರ್ ವೋಲ್ಟ್‌ಗೆ ತಿರುಗಿಸಿ. ರೆಸಿಸ್ಟರ್ ಮೇಲಿನ ವೋಲ್ಟನ್ನು ಹತ್ತರಿಂದ ಭಾಗಿಸಿದರೆ ಕರೆಂಟ್. ತಂತಿಯ ಮೇಲಿನ ಮಿಲಿವೋಲ್ಟನ್ನು ಆ ಕರೆಂಟಿನಿಂದ ಭಾಗಿಸಿದರೆ ಅದರ ನಿಜವಾದ ರೆಸಿಸ್ಟೆನ್ಸ್, ಪ್ರೋಬಿನ ಪಾಲು ಬರೋದೇ ಇಲ್ಲ. ಆ ಹೊಸೆದ ತಂತಿಗೆ 190 ಮಿಲಿವೋಲ್ಟ್ ಆಸುಪಾಸು ಬರಬೇಕು. ಪ್ರದರ್ಶನಕ್ಕೆ ಇದೇ ಚೆನ್ನಾಗಿರುತ್ತೆ, ನನ್ನ ಕೇಳಿದರೆ.

ರೆಕ್ಕೆಪುಕ್ಕ:
ಇನ್ನೊಂದು: 2022ರ ಜುಲೈ 1ರಿಂದ ಅಲಂಕಾರಕ್ಕೆ ಥರ್ಮಾಕೋಲ್ ಬಳಕೆ ದೇಶದಾದ್ಯಂತ ನಿಷೇಧ. ಮಾದರಿ ಬೇರೆ, ವೇದಿಕೆಗೆ ಮಂಟಪ ಬೇರೆ. ಗಣೇಶನ ಹಬ್ಬಕ್ಕೂ ಇದೇ ಕಟರ್ ಬಳಸೋ ಆಸೆ ಇದ್ದರೆ ಬಿಡಿ.

ಮೂಡಿಗೆರೆ_ಲ್ಯಾಬ್:
28 ಎಸ್‌ಡಬ್ಲ್ಯೂಜಿ, 30 ಸೆಂ.ಮೀ, ಪವರ್ ಬ್ಯಾಂಕ್. ಸೀರೀಸ್ ವಿಧಾನದಲ್ಲಿ 2.9 ಓಮ್ ಬಂತು, ಕರೆಂಟ್ 1.6. ಸ್ವಿಚ್ ತಣ್ಣಗಿದೆ, ತಂತಿ ಕೆಂಪಾಗಲ್ಲ, ಕೊಯ್ಯುತ್ತೆ. ಆದರೆ ಕೊಯ್ದ ಮುಖ ಮಧ್ಯದಲ್ಲಿ ಹೊಟ್ಟೆ ಬಂದ ಹಾಗೆ ಬಾಗಿದೆ. ಮತ್ತೆ ಆ ಟೇಪ್ ಸುತ್ತಿದ ಸೆಲ್ ಏನು ಮಾಡಲಿ?

ಓಮ್‌ಕಾರ:
ಸೆಲ್ಲನ್ನು ಕಸದ ಗಾಡಿಗೆ ಹಾಕಬೇಡಿ, ಗಾಡಿಯಲ್ಲಿ ಒತ್ತಿದಾಗ ಜಜ್ಜಿ ಬೆಂಕಿ ಹತ್ತುತ್ತೆ. ತೋಟದ ಗುಂಡಿಗೂ ಬೇಡ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ‘ಹಾಳಾದ ಲಿಥಿಯಂ’ ಅಂತ ಹೇಳಿಯೇ ಕೊಡಿ. ಅಷ್ಟರಲ್ಲಿ ಅದು ಬಿಸಿಯಾದರೆ, ಸೊಂಯ್ ಅಂದರೆ, ಹತ್ತಿರ ಹೋಗಬೇಡಿ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತೆ. ದೂರದಿಂದ ಧಾರಾಳವಾಗಿ ನೀರು ಹಾಕೋದು ಸರಿ, ಕೆಲಸ ತಣಿಸೋದು.

ರೆಕ್ಕೆಪುಕ್ಕ:
ಹೊಟ್ಟೆ ಬರೋದು ಎರಡು ಕಾರಣಕ್ಕೆ. ಕಾದಾಗ 30 ಸೆಂ.ಮೀ ನೈಕ್ರೋಮ್ ಸುಮಾರು ಒಂದು ಮಿ.ಮೀ ಉದ್ದವಾಗುತ್ತೆ, ತಣ್ಣಗಿದ್ದಾಗ ಬಿಗಿದ ತಂತಿ ಬಿಸಿಗೆ ಜೋಲುತ್ತೆ. ಒಂದು ತುದಿಗೆ ಸ್ಪ್ರಿಂಗ್ ಹಾಕಿ, ಆದರೆ ಕರೆಂಟ್ ಸ್ಪ್ರಿಂಗಿನಲ್ಲಿ ಹೋಗಬಾರದು, ಇಲ್ಲದಿದ್ದರೆ ಅದು ಕಾದು ಬಿಗಿ ಕಳೆದುಕೊಳ್ಳುತ್ತೆ. ವೈರನ್ನು ಸ್ಪ್ರಿಂಗಿನ ಮುಂದೆಯೇ ತಂತಿಗೆ ಜೋಡಿಸಿ. ಇನ್ನೊಂದು ಕಾರಣ ಒತ್ತಡ. ತಂತಿ ಮುಟ್ಟಿ ಕೊಯ್ಯಬಾರದು, ತನ್ನ ಶಾಖದಲ್ಲಿ ಮುಂದೆ ಕರಗಿಸುತ್ತಾ ಹೋಗಬೇಕು. ಸೆಕೆಂಡಿಗೆ 2-3 ಮಿ.ಮೀ ವೇಗದಲ್ಲಿ, ಬಿಲ್ಲಿನ ಭಾರದಲ್ಲೇ ಬಿಡಿ. ಜಗತಿಯ ಆಕಾರವನ್ನು ಹಾರ್ಡ್‌ಬೋರ್ಡಿನಲ್ಲಿ ಎರಡು ಕತ್ತರಿಸಿ, ಮೇಲೆ ಕೆಳಗೆ ಗುಂಡುಪಿನ್ನಿನಿಂದ ಕೂರಿಸಿ, ಅಂಚು ಹಿಡಿದು ಇಬ್ಬರು ಎಳೆಯಿರಿ. ಒಳಮೂಲೆಗೆ ಬಂದಾಗ ಸುತ್ತಬೇಡಿ. ಸ್ವಿಚ್ ಬಿಡಿ, ಬಿಲ್ಲಿನ ದಿಕ್ಕು ಬದಲಿಸಿ, ಮತ್ತೆ ಒತ್ತಿ. ತಂತಿ ತಣ್ಣಗಾದ ಮೇಲೆ ಜಗ್ಗಿದರೆ ಮಾತ್ರ ಮಣಿ ಕಿತ್ತು ಬರುತ್ತೆ, ಎರಡು ಸೆಕೆಂಡು ಕಾಯಿಸಿ ಆಮೇಲೆ ಹೊರಡಿ.