ಸಹಾಯ ಬೇಕು: ಹುಬ್ಬಳ್ಳಿಯಲ್ಲಿ ನಂಬಿಕಸ್ಥ ಗೌಂಡಿ ಗೊತ್ತಿದ್ದರೆ ಹೇಳಿ

ನಮಸ್ಕಾರ ರೀ. ನವನಗರದಲ್ಲಿ ನಮ್ಮದು ಹಳೇ ಮನೆ, ಮಾಳಿಗೆ ಸೋರುತ್ತಿದೆ. ಅಡುಗೆಮನೆ ಮೂಲೆಯಲ್ಲಿ ಪ್ಲಾಸ್ಟರ್ ಉಬ್ಬಿದೆ, ಬೆರಳಲ್ಲಿ ಒತ್ತಿದರೆ ಪುಡಿಪುಡಿ ಉದುರುತ್ತದೆ. ಹೋದ ವರ್ಷ ಒಬ್ಬ ಕಾಂಟ್ರ್ಯಾಕ್ಟರ್ ಅರ್ಧ ದುಡ್ಡು ಅಡ್ವಾನ್ಸ್ ತಗೊಂಡು, ಬಿರುಕಿನ ಮೇಲೆ ಸುಮ್ನೆ ಸಿಮೆಂಟ್ ಬಳಿದು ಹೋದ, ಆಮೇಲೆ ಫೋನೇ ಎತ್ತಲಿಲ್ಲ.

ಜೂನ್ ಮಳೆಗೆ ಮೊದಲೇ ಮುಗಿಯಬೇಕು. ಬಿರುಕು ಕೆತ್ತಿ ತುಂಬಿ, ವಾಟರ್‌ಪ್ರೂಫಿಂಗ್ ಮಾಡಿ, ಮಾಳಿಗೆ ಮೇಲೆ ಒಂದೆರಡು ದಿನ ನೀರು ನಿಲ್ಲಿಸಿ ತೋರಿಸಿದ ಮೇಲೇ ಕೊನೆಯ ಕಂತು ಕೊಡುತ್ತೇನೆ, ಇದಕ್ಕೆ ಒಪ್ಪುವವರು ಬೇಕು. ಕೂಲಿ ಬೇರೆ, ಸಾಮಾನು ಬೇರೆ ಬರೆದು ಕೊಡಬೇಕು. ನಮ್ಮದು ಎರೆಮಣ್ಣು ಅಲ್ವಾ, ನೆಲ ಹಿಗ್ಗಿ ಕುಗ್ಗಿ ಕಾಂಪೌಂಡ್ ಗೋಡೆಯೂ ಬಿರಿದಿದೆ, ಅದನ್ನೂ ನೋಡಬೇಕು.

ನಿಮ್ಮ ಮನೆಯಲ್ಲೇ ಕೆಲಸ ಮಾಡಿಸಿ ಒಂದು ಮಳೆಗಾಲ ದಾಟಿದ್ದರೆ ಮಾತ್ರ ಹೆಸರು ಹೇಳಿ. ‘ನಮ್ಮ ಭಾವನ ಗೆಳೆಯ ಇದ್ದಾನೆ’ ಅನ್ನೋದು ಬೇಡ್ರೀ. ನಂಬರ್ ಇನ್‌ಬಾಕ್ಸ್‌ಗೆ ಹಾಕಿ.