ತರವಾಡು ಮನೆ ಗುಂಪಿಗೆ ಬಂದ ಫಿಲ್ಲಿಂಗ್ ಫಾರ್ವರ್ಡ್

ಅಪ್ಪಚ್ಚಿ: *ಫಾರ್ವರ್ಡ್ ಆದದ್ದು* ಶುಗರ್ ಇರುವವರು ಹಲ್ಲಿಗೆ ಫಿಲ್ಲಿಂಗ್ ಮಾಡಿಸಬೇಡಿ! ಅದರ ಪಾದರಸ ಶುಗರ್ ಏರಿಸುತ್ತದೆ. ಲವಂಗದ ಎಣ್ಣೆ ಹಚ್ಚಿ, ಹುಳುಕು ತಾನಾಗಿ ಮುಚ್ಚುತ್ತದೆ. ಎಲ್ಲರಿಗೂ ಕಳಿಸಿ.

ಬದಿಯಡ್ಕ ಅತ್ತೆ: ಅಯ್ಯೋ, ನನ್ನ ಬಾಯಲ್ಲಿ ಎರಡು ಉಂಟು!

ನಾನು: ಅಪ್ಪಚ್ಚಿ, ದಯವಿಟ್ಟು ಇದನ್ನು ಡಿಲೀಟ್ ಮಾಡಿ. ಈ ಗುಂಪಲ್ಲೇ ಶುಗರ್ ಇರುವವರು ಆರು ಜನ ಇದ್ದಾರೆ. ಲವಂಗದ ಎಣ್ಣೆಗೆ ನೋವು ಸ್ವಲ್ಪ ಹೊತ್ತು ಮರಗಟ್ಟುತ್ತದೆ, ಅಷ್ಟೇ. ತೂತು ಮುಚ್ಚುವುದಿಲ್ಲ.

ಅಪ್ಪಚ್ಚಿ: ಹಾಗಾದರೆ ಪಾದರಸ ಇಲ್ವಾ?

ನಾನು: ಇದೆ. ಅದೊಂದು ಮಾತು ಸರಿ. ಬೆಳ್ಳಿ ಬಣ್ಣದ ಫಿಲ್ಲಿಂಗಿನ ಸುಮಾರು ಅರ್ಧ ತೂಕ ಪಾದರಸವೇ. ಯುರೋಪಿಯನ್ ಒಕ್ಕೂಟದಲ್ಲಿ 2025ರಿಂದ ಅದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದಾರೆ. ಬಸುರಿಯರಿಗೆ, ಮಕ್ಕಳಿಗೆ, ಕಿಡ್ನಿ ತೊಂದರೆ ಇರುವವರಿಗೆ ಬೇಡ ಅನ್ನುತ್ತಾರೆ. ಶುಗರ್‌ನಿಂದ ಕಿಡ್ನಿಗೆ ಪೆಟ್ಟು ಬಿದ್ದವರು ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಆದರೆ ಪಾದರಸ ಇಲ್ಲದ, ಹಲ್ಲಿನ ಬಣ್ಣದ್ದೇ ಸಿಗುತ್ತದಲ್ವಾ? ಅದನ್ನು ಹಾಕಿಸೋಣ. ಅತ್ತೆ, ನಿಮ್ಮ ಹಳೆಯದು ಗಟ್ಟಿ ಇದ್ದರೆ ಸುಮ್ನೆ ತೆಗೆಸಬೇಡಿ. ಕೊರೆಯುವಾಗಲೇ ಪಾದರಸದ ಆವಿ ಜಾಸ್ತಿ.

ಪೆರ್ಲ ಭಾವ: ನನಗೆ ಫಿಲ್ಲಿಂಗ್ ಆದ ವಾರವೇ ಶುಗರ್ 260 ಇತ್ತು. ಅದಕ್ಕೇನು ಹೇಳುತ್ತೀ?

ನಾನು: ಭಾವ, ಆ ವಾರ ನಿಮ್ಮ ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಇನ್ನೊಂದು ಹಲ್ಲಿನ ಬುಡದಲ್ಲಿ ಕೀವು ಇತ್ತು. ಸೋಂಕಿಗೆ ಶುಗರ್ ಏರುತ್ತದೆ. ಶುಗರ್ ಏರಿದರೆ ಸೋಂಕು ಬೇಗ ವಾಸಿಯಾಗುವುದಿಲ್ಲ. ವಸಡಿಗೂ ಹಾಗೆಯೇ. ವಸಡಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟಾಗ ಮೂರು ತಿಂಗಳ ಶುಗರ್ ಲೆಕ್ಕ, ಆ ಎಚ್‌ಬಿಎ1ಸಿ, ಸರಾಸರಿ 0.4ರಷ್ಟು ಇಳಿದದ್ದು ಉಂಟು. ಮಾತ್ರೆ ಬಿಡುವ ಹಾಗಿಲ್ಲ, ಆದರೆ ಅದು ಸಣ್ಣದಲ್ಲ.

ಅಪ್ಪಚ್ಚಿ: ನಿನ್ನ ಅಪ್ಪ ಫಿಲ್ಲಿಂಗ್ ಮಾಡಿಸಿದ್ದ. ಆದರೂ ಹಲ್ಲು ಬಿತ್ತಲ್ಲ?

ನಾನು: ಬಿತ್ತು. 2020ರಲ್ಲಿ ಕೊರೋನಾಕ್ಕೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಅಪ್ಪನಿಗೆ ಮಂಗಳೂರಿಗೆ ಹೋಗಿ ಹಲ್ಲು ತೋರಿಸುವುದು ತಪ್ಪಿತು. ಗಡಿ ತೆರೆದ ಮೇಲೂ ಹೋಗಲಿಲ್ಲ, ಯಾಕೆಂದರೆ ನೋವೇ ಇರಲಿಲ್ಲ. ಬ್ರಶ್‌ಗೆ ರಕ್ತ ಅಂಟುತ್ತಿತ್ತು. ಯಾರಿಗೂ ಹೇಳದೆ ತೊಳೆದಿಡುತ್ತಿದ್ದರು. ಕಳೆದ ಮಳೆಗಾಲ ಹಲಸಿನ ಹಪ್ಪಳ ಜಗಿಯುವಾಗ ದವಡೆ ಹಲ್ಲು ಇಡಿಯಾಗಿ ಕೈಗೆ ಬಂತು. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಫಿಲ್ಲಿಂಗ್ ಒಂದಿಷ್ಟೂ ಅಲುಗಿರಲಿಲ್ಲ. ಬೇರಿನ ಸುತ್ತ ಕಪ್ಪು ಪಾಚಿ ಕಲ್ಲಿನ ಹಾಗೆ ಕಟ್ಟಿತ್ತು. ಹಲ್ಲನ್ನು ಹಿಡಿದಿಟ್ಟ ಎಲುಬೇ ಕರಗಿತ್ತು, ಅಪ್ಪಚ್ಚಿ. ಆ ಬ್ರಶ್ಶನ್ನು ನಾನು ಒಂದು ದಿನವಾದರೂ ನೋಡಬೇಕಿತ್ತು.

ಪೆರ್ಲ ಭಾವ: ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅಂತಾರಲ್ಲ?

ನಾನು: ಪಾಚಿ ಹೋದ ಜಾಗ ಖಾಲಿ ಅನಿಸುತ್ತದೆ, ಊದಿದ ವಸಡು ಇಳಿಯುತ್ತದೆ. ಅದಕ್ಕೇ ಹಾಗೆ ತೋರುವುದು. ಸಡಿಲ ಮಾಡುವುದು ಆ ಪಾಚಿಯೇ.

ಅಪ್ಪಚ್ಚಿ: ಡಿಲೀಟ್ ಮಾಡಿದೆ. ಆದರೆ ನನಗೆ ಬೆಳ್ಳಿಯದ್ದು ಬೇಡ, ಹೇಳಿದ್ದೇನೆ.

ನಾನು: ಬೇಡ ಅಪ್ಪಚ್ಚಿ, ಅದು ನಿಮ್ಮ ಇಷ್ಟ.

ಬದಿಯಡ್ಕ ಅತ್ತೆ: ನನಗೂ ಉಜ್ಜುವಾಗ ರಕ್ತ ಬರುತ್ತದೆ. ಎರಡು ತಿಂಗಳಾಯಿತು.

ನಾನು: ಅತ್ತೆ, ನಾಳೆ ಬೆಳಿಗ್ಗೆಯೇ ಹೋಗೋಣ, ನಾನು ಬರುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬರಬೇಡಿ. ತಿಂಡಿ ತಿಂದು, ಮಾತ್ರೆ ತೆಗೆದುಕೊಂಡು, ಶುಗರ್ ರಿಪೋರ್ಟ್ ಹಿಡಿದುಕೊಂಡು ರೆಡಿಯಾಗಿರಿ.