ಆನ್‌ಲೈನ್ ಹರಾಜಿನಲ್ಲಿ ಬಿದ್ರಿ ಮತ್ತು ಹಾಲಿ ಸಿಕ್ಕ: ಸಂಗ್ರಾಹಕರ ಅನುಭವಗಳು

ಪ್ರಶ್ನೆ (ಬೀದರ್):
ನಮ್ಮ ಸೋದರಮಾವನವರು ಊರಿನ ಗುಜರಿ ಅಂಗಡಿಗಳನ್ನು ಸುತ್ತಿ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಹಳೆಯ ಬಿದ್ರಿ ಪಾತ್ರೆಗಳನ್ನೂ ನಿಜಾಮರ ಕಾಲದ ‘ಹಾಲಿ ಸಿಕ್ಕ’ ನಾಣ್ಯಗಳನ್ನೂ ಕೂಡಿಸಿದ್ದರು. ಅವರ ನಂತರ ಆ ಸಂಗ್ರಹ ನನ್ನ ಕೈಗೆ ಬಂದಿದೆ. ಅದನ್ನು ಬೆಳೆಸುವ ಆಸೆಯಿದೆ, ಆದರೆ ಅಂಗಡಿಗಳಲ್ಲಿ ಈಗ ಏನೂ ಸಿಗುತ್ತಿಲ್ಲ, ಎಲ್ಲವೂ ಆನ್‌ಲೈನ್ ಹರಾಜಿಗೆ ಹೋಗುತ್ತಿದೆ. ಅಲ್ಲಿ ಕೊಂಡು ಅನುಭವವಿರುವ ಹಿರಿಯರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ (ಬೀದರ್, ಬಿದ್ರಿ ಸಂಗ್ರಾಹಕರು):
ತಮ್ಮ ಮಾವನವರ ಕಾಲದಲ್ಲಿ ಕೊಡುವವರಿಗಾಗಲಿ ಕೊಳ್ಳುವವರಿಗಾಗಲಿ ಸರಿಯಾದ ಬೆಲೆ ಗೊತ್ತಿರಲಿಲ್ಲ. ನಾನೂ ಮೊದಲ ಉಗುಳುದಾನಿಯನ್ನು ಗುಜರಿಯವರಿಂದ ಕಿಲೋ ಲೆಕ್ಕದಲ್ಲಿಯೇ ತಂದವನು. 2000ದಲ್ಲಿ ಬಾಜಿ ಎಂಬ ಭಾರತೀಯ ಹರಾಜು ತಾಣ ಆರಂಭವಾಯಿತು, 2004ರಲ್ಲಿ ಅದನ್ನು ಅಮೆರಿಕದ ಇಬೇ ಸಂಸ್ಥೆ ಕೊಂಡಿತು, 2018ರ ಆಗಸ್ಟ್‌ನಲ್ಲಿ ಆ ಭಾರತೀಯ ತಾಣವೂ ಮುಚ್ಚಿತು. ಆ ವರ್ಷಗಳಲ್ಲಿ ನಾನು ಕಲಿತ ಮೊದಲ ಪಾಠವೆಂದರೆ, ನಾವು ಅಪರೂಪವೆಂದು ಬೀರುವಿನಲ್ಲಿ ಬಚ್ಚಿಟ್ಟಿದ್ದ ಹಲವು ವಸ್ತುಗಳು ವಾರಕ್ಕೊಂದರಂತೆ ಹರಾಜಿಗೆ ಬರುತ್ತಿದ್ದವು, ನಾವು ಕಡೆಗಣಿಸಿದ್ದ ಕೆಲವು ಹುಕ್ಕಾ ಬುಡಗಳಿಗೆ ಮಾತ್ರ ದೂರದೂರದವರು ಪೈಪೋಟಿಯಿಂದ ಬೆಲೆ ಏರಿಸುತ್ತಿದ್ದರು. ಆದ್ದರಿಂದ ತಾವು ಮೊದಲ ಆರು ತಿಂಗಳು ಏನನ್ನೂ ಕೊಳ್ಳದೆ, ಮುಗಿದ ಹರಾಜುಗಳ ಚಿತ್ರ ಮತ್ತು ಬೆಲೆಗಳನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಎರಡನೆಯ ಪಾಠ ನನಗೆ ದುಬಾರಿಯಾಯಿತು. ಒಂದು ತಾಣದಲ್ಲಿ ‘ನೂರೈವತ್ತು ವರ್ಷ ಹಳೆಯದು’ ಎಂದು ವರ್ಣಿಸಿದ್ದ ಸುರಾಹಿಯನ್ನು (ಉದ್ದ ಕತ್ತಿನ ಹೂಜಿ) ಚಿತ್ರ ನೋಡಿಯೇ ಕೊಂಡೆ. ಪೊಟ್ಟಣ ಬಿಚ್ಚಿ ಎತ್ತಿದ ಕ್ಷಣವೇ ಕೈ ಸತ್ಯ ಹೇಳಿತು: ಅದು ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ ಆಗಿತ್ತು. ಮಾರಿದವರು ಹಿಂದಕ್ಕೆ ಪಡೆಯಲು ಒಪ್ಪಲಿಲ್ಲ. ಬಿದ್ರಿಯ ಒಡಲು ಬಹುಪಾಲು ಸತು, ಅದಕ್ಕೆ ಸ್ವಲ್ಪ ತಾಮ್ರ ಸೇರಿರುತ್ತದೆ. ಹಾಗಾಗಿ ಅದು ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ, ಅಯಸ್ಕಾಂತಕ್ಕೆ ಅಂಟುವುದೂ ಇಲ್ಲ. ಬಿಡ್ ಹಾಕುವ ಮೊದಲು ಅಳತೆ ಮತ್ತು ತೂಕ ಎರಡನ್ನೂ ಕೇಳಿ. ತೂಕ ಹೇಳಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಕಪ್ಪು ಎಷ್ಟು ಗಾಢವಾಗಿದ್ದರೆ ವಸ್ತು ಅಷ್ಟು ಹಳೆಯದು ಎಂದು ಹೊರಗಿನವರು ನಂಬುತ್ತಾರೆ. ಕೋಟೆಯ ಮಣ್ಣನ್ನು ನವಸಾಗರವೆಂಬ ಲವಣದೊಂದಿಗೆ ಕುದಿಸಿ ಹಚ್ಚಿದರೆ ಬೆಳ್ಳಿಗೆ ಏನೂ ಆಗದೆ ಒಡಲು ಮಾತ್ರ ಕಪ್ಪಾಗುತ್ತದೆಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು, ಸವೆದ ಹಳೆಯ ಪಾತ್ರೆಯನ್ನೂ ನಿನ್ನೆ ಎರಕ ಹೊಯ್ದದ್ದನ್ನೂ ಹೀಗೆಯೇ ಕಪ್ಪಾಗಿಸಬಹುದು. ಆದ್ದರಿಂದ ಬಣ್ಣವನ್ನು ಬಿಟ್ಟು ತಳ, ಒಳಮೈ ಮತ್ತು ಬಾಯಿಯ ಅಂಚಿನ ಚಿತ್ರಗಳನ್ನು ತರಿಸಿಕೊಳ್ಳಿ. ಕೈಬಳಕೆಯಿಂದ ಸವೆದ ಬೆಳ್ಳಿ ಎಲ್ಲಿ ಹಿಡಿಯುತ್ತಿದ್ದರೋ ಅಲ್ಲಿ ಮಾತ್ರ ತೆಳುವಾಗಿರುತ್ತದೆ. ಉಜ್ಜುಕಾಗದದಿಂದ ಸವೆಸಿದ್ದು ಎಲ್ಲ ಕಡೆ ಒಂದೇ ಸಮನಾಗಿರುತ್ತದೆ. ಅನುಮಾನವಿದ್ದರೆ ಆ ಚಿತ್ರಗಳನ್ನು ನಮ್ಮ ಕುಶಲಕರ್ಮಿಗಳಿಗೆ ತೋರಿಸಿ. ಉಳಿ ಹಿಡಿದ ಕಣ್ಣಿಗೆ ಕಾಣುವುದು ನಮಗೆ ಕಾಣುವುದಿಲ್ಲ, ಮತ್ತು ಈ ಸೌಲಭ್ಯ ಬೇರೆ ಊರುಗಳ ಹೆಚ್ಚಿನ ಸಂಗ್ರಾಹಕರಿಗೆ ಇಷ್ಟು ಹತ್ತಿರದಲ್ಲಿಲ್ಲ.

ಉತ್ತರ (ಕಲಬುರಗಿ, ನಾಣ್ಯ ಸಂಗ್ರಾಹಕರು):
ಮೇಲಿನ ಹಿರಿಯರು ತೂಕದ ಬಗ್ಗೆ ಹೇಳಿದ್ದು ನಾಣ್ಯಗಳಿಗೂ ಸಲ್ಲುತ್ತದೆ. ಬ್ರಿಟಿಷ್ ರೂಪಾಯಿ 11.66 ಗ್ರಾಂ, ನಿಜಾಮರ ಚಾರ್‌ಮಿನಾರ್ ರೂಪಾಯಿ ಅದಕ್ಕಿಂತ ತುಸು ಕಡಿಮೆ, ಸುಮಾರು 11.18 ಗ್ರಾಂ, ಇದಕ್ಕಿಂತ ಬಹಳ ವ್ಯತ್ಯಾಸವಿದ್ದರೆ ಕೈ ಹಾಕಬಾರದು. ಹರಾಜುಗಳಲ್ಲಿ ಪದೇಪದೇ ಕಾಣುವ ತಪ್ಪು ಇಸವಿಯದು. ನಿಜಾಮರ ನಾಣ್ಯಗಳ ಮೇಲೆ 1330 ಎಂದಿದ್ದರೆ ಅದು ಹಿಜ್ರಿ ವರ್ಷ, ಅಂದರೆ ಕ್ರಿ.ಶ. 1911-12, ಅದನ್ನೇ ‘ಏಳುನೂರು ವರ್ಷ ಹಳೆಯ ನಾಣ್ಯ’ ಎಂದು ಬರೆದು ಮಾರುವವರಿದ್ದಾರೆ. ಚಾರ್‌ಮಿನಾರ್‌ನ ಚಿತ್ರದಲ್ಲಿ ಬಾಗಿಲಿನೊಳಗೆ ‘ಮೀಮ್’ ಎಂಬ ಉರ್ದು ಅಕ್ಷರವಿದ್ದರೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದ್ದು, ‘ಐನ್’ ಇದ್ದರೆ ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನರದು. ಉರ್ದು ಬಲ್ಲ ನೆರೆಹೊರೆಯವರಿರುವ ನಮಗೆ ಇದನ್ನು ಕಲಿಯಲು ಒಂದು ಸಂಜೆ ಸಾಕು.

ಬಿಡ್ ಹಾಕುವಾಗ ತಮ್ಮ ಮನಸ್ಸಿನ ಗರಿಷ್ಠ ಬೆಲೆಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ. ನಿಗದಿತ ಕ್ಷಣಕ್ಕೆ ಮುಗಿಯುವ ಹರಾಜಿನಲ್ಲಿ ಎಲ್ಲರೂ ಕೊನೆಯ ಕೆಲವೇ ಸೆಕೆಂಡುಗಳಿಗಾಗಿ ಕಾದಿರುತ್ತಾರೆ. ತಡವಾಗಿ ಬಿಡ್ ಬಂದರೆ ಸಮಯ ತಾನಾಗಿಯೇ ಮುಂದಕ್ಕೆ ಹೋಗುವ ಹರಾಜಿನಲ್ಲಿ ಹಾಗೆ ಕಾಯುವುದರಿಂದ ಪ್ರಯೋಜನವಿಲ್ಲ. ಹರಾಜು ಸಂಸ್ಥೆಗಳು ಕೊನೆಯ ಬೆಲೆಯ ಮೇಲೆ ತಮ್ಮ ಪ್ರೀಮಿಯಂ ಸೇರಿಸುತ್ತವೆ: ಹತ್ತು ಸಾವಿರಕ್ಕೆ ಗೆದ್ದ ನಾಣ್ಯಕ್ಕೆ ಶೇಕಡಾ 15ರ ಪ್ರೀಮಿಯಂ ಇದ್ದರೆ 11,500 ರೂಪಾಯಿ, ತೆರಿಗೆ ಮತ್ತು ಸಾಗಣೆ ಬೇರೆ. ನಾನು ಮೊದಲ ವರ್ಷ ಈ ಲೆಕ್ಕ ಬಿಟ್ಟೇ ಬಿಡ್ ಹಾಕಿ ಮನೆಯಲ್ಲಿ ಎಲ್ಲರ ಬೇಸರಕ್ಕೆ ಕಾರಣನಾಗಿದ್ದೆ.

ಉತ್ತರ (ಸುರಪುರ, ಯಾದಗಿರಿ ಜಿಲ್ಲೆ):
ಕಾನೂನಿನ ಮಾತನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ವಸ್ತು, ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷ ದಾಟಿದ್ದು, ಪುರಾವಸ್ತುವಾಗುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು, ಶಿಲ್ಪಗಳಂತಹ ಕೆಲವು ವಸ್ತುಗಳನ್ನು ನೋಂದಾಯಿಸಲೇಬೇಕು. ಹೊಲದಲ್ಲೋ ಪಾಯ ತೋಡುವಾಗಲೋ ಸಿಕ್ಕ ನಾಣ್ಯದ ಗಡಿಗೆಯನ್ನು ಸರ್ಕಾರಕ್ಕೆ ತಿಳಿಸಬೇಕು. ಹಾಳುಬಿದ್ದ ಗುಡಿಯ ವಿಗ್ರಹವನ್ನಾಗಲಿ, ಮಠದಿಂದ ಹೊರಬಿದ್ದ ತಾಳೆಗರಿಯನ್ನಾಗಲಿ ಯಾರಾದರೂ ಫೋನಿನಲ್ಲಿ ಚಿತ್ರ ಕಳಿಸಿ ಮಾರಲು ಬಂದರೆ ದಯಮಾಡಿ ಕೊಳ್ಳಬೇಡಿ. ನಾನು ಅಂತಹದೊಂದನ್ನು ನಿರಾಕರಿಸಿದೆ. ಆದರೆ ಅಧಿಕಾರಿಗಳಿಗೆ ತಿಳಿಸದೆ ಸುಮ್ಮನಾದದ್ದು ಇಂದಿಗೂ ನೋಯಿಸುತ್ತದೆ.

ಉತ್ತರ (ಹುಮನಾಬಾದ್):
ನಾನು ಸಂಗ್ರಾಹಕಳಲ್ಲ, ಮಾರಿದವಳು. ಮನೆ ರಿಪೇರಿಯ ಖರ್ಚಿಗಾಗಿ ನಮ್ಮ ಅಜ್ಜಿಯ ಬಿದ್ರಿ ಪಾನದಾನಿಯನ್ನು ಮಗ ಆನ್‌ಲೈನ್ ಹರಾಜಿಗೆ ಹಾಕಿದ. ಗುಜರಿಯವರು ಹೇಳಿದ್ದಕ್ಕಿಂತ ಬಹಳ ಒಳ್ಳೆಯ ಬೆಲೆ ಬಂತು, ಅದಕ್ಕಾಗಿ ಆ ವ್ಯವಸ್ಥೆಗೆ ಕೃತಜ್ಞಳಾಗಿದ್ದೇನೆ. ಚಿತ್ರದ ಕೆಳಗೆ ಅಳತೆ, ತೂಕ ಮಾತ್ರ ಬರೆದಿದ್ದೆವು. ತಿಂಗಳ ನಂತರ ಕೊಂಡವರು ಫೋನ್ ಮಾಡಿ, ಇದು ಯಾರದಾಗಿತ್ತು, ಒಳಗಿನ ಒಂದು ಖಾನೆಯ ಮುಚ್ಚಳ ಏಕೆ ಬೇರೆ ಲೋಹದ್ದಿದೆ ಎಂದು ಕೇಳಿದರು. ಮದುವೆಯ ಗದ್ದಲದಲ್ಲಿ ಕಳೆದ ಮುಚ್ಚಳಕ್ಕೆ ಬದಲಾಗಿ ನಮ್ಮಜ್ಜ ಹಿತ್ತಾಳೆಯದನ್ನು ಮಾಡಿಸಿಕೊಟ್ಟಿದ್ದರು. ಅದನ್ನೆಲ್ಲ ಎರಡು ಹಾಳೆಗಳಲ್ಲಿ ಬರೆದು, ಅಜ್ಜಿಯ ಒಂದು ಫೋಟೋ ಸೇರಿಸಿ ಅಂಚೆಯಲ್ಲಿ ಕಳಿಸಿದೆ. ಅವರು ಆ ಹಾಳೆಗಳನ್ನು ಮಡಿಚಿ ಪಾನದಾನಿಯೊಳಗೇ ಇಟ್ಟಿದ್ದಾರಂತೆ. ತಾವು ಯಾರಿಂದ ಕೊಂಡರೂ ಹಣ ಕಳಿಸುವ ಮುನ್ನ ಅಂತಹ ಎರಡು ಹಾಳೆಗಳನ್ನು ಕೇಳಿ ಪಡೆಯಿರಿ. ಮಾವನವರ ಸಂಗ್ರಹದ ಬಗ್ಗೆ ನೆನಪಿರುವವರು ಮನೆಯಲ್ಲಿ ಇನ್ನೂ ಇದ್ದರೆ, ಈ ವಾರವೇ ಅವರ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ.